ತಮಟೆ ಕಾಯುವ ಹೊತ್ತು

ಮಾದೇಶನ ಮೊದಲ ಏಟು ಬಿದ್ದಾಗ ಸಂಘಮಿತ್ರಾಳ ಫೋನು ರೆಕಾರ್ಡ್ ಮಾಡುತ್ತಲೇ ಇತ್ತು. ಹುಲ್ಲಿನ ಉರಿಯ ಪಕ್ಕ ಒಂದು ಇಟ್ಟಿಗೆಗೆ ಅದನ್ನು ಒರಗಿಸಿಟ್ಟು, ತಾನು ಸ್ವಲ್ಪ ಆಚೆ ಹೊಂಗೆ ಮರದ ಬುಡದಲ್ಲಿ ಕುಳಿತಿದ್ದಳು. ಸದ್ದು ಕೇಳಿ, ಸರಿಯಾಗಿ ಕಾಯದ ತಮಟೆಯನ್ನು ಯಾರೋ ಬಡಿದರು ಎಂದುಕೊಂಡಳು. ತಲೆ ಎತ್ತಿದರೆ ಕೋಮಲ ನೆಲದ ಮೇಲಿದ್ದಳು. ಬಾಚಿ ಕಟ್ಟಿದ ಕೂದಲು ಬಿಚ್ಚಿ ಮುಖದ ಮೇಲೆ ಹರಡಿತ್ತು.

"ಏಳು ಮ್ಯಾಕೆ," ಎಂದ ಮಾದೇಶ. ಧ್ವನಿ ಏರಿರಲಿಲ್ಲ.

ಟಿ. ನರಸೀಪುರದಲ್ಲಿ ಭಾನುವಾರದ ಬಿಸಿಲು ಇನ್ನೂ ಇಳಿದಿರಲಿಲ್ಲ. ವೇದಿಕೆಯ ಮುಂದೆ ಹುಡುಗರು ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ಒಬ್ಬ ಮೈಕಿನಲ್ಲಿ ಹಲೋ ಹಲೋ ಎನ್ನುತ್ತಿದ್ದ. ನಡುವೆ ಮನೆಯೆತ್ತರದ ಫ್ಲೆಕ್ಸು ಕಟ್ಟಿದ್ದರಿಂದ ಹಿಂದೆ ನಡೆಯುವುದು ಯಾರಿಗೂ ಕಾಣುವಂತಿರಲಿಲ್ಲ. ಮಾದೇಶನ ಚಿಕ್ಕಪ್ಪ ಮರಿಯಯ್ಯನಿಗೆ ಮಾತ್ರ ಕಾಣುತ್ತಿತ್ತು. ತಂಡದಲ್ಲಿ ನಗಾರಿ ಬಾರಿಸುವ ಮುದುಕ ಅವನು. ತಮಟೆಯನ್ನು ಉರಿಗೆ ಹಿಡಿದು ತಿರುಗಿಸುತ್ತಾ, ಲೋಕದಲ್ಲಿ ಅದೊಂದೇ ಕೆಲಸ ಉಳಿದಿರುವವನ ಹಾಗೆ ಕುಕ್ಕರಗಾಲಲ್ಲಿ ಕೂತಿದ್ದ.

ಸಂಘಮಿತ್ರಾ ಚಿಕ್ಕಯ್ಯನಛತ್ರದ ಹುಡುಗಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರ್ಮೆಂಟ್ಸ್ ಸೇರಿದ್ದಳು. ವಾರವೆಲ್ಲ ಶರ್ಟಿನ ಕಾಲರ್ ಹೊಲಿಯುವುದು, ಶನಿವಾರ ಮಧ್ಯಾಹ್ನ ಮಿಷನ್ನು ನಿಂತಿತೆಂದರೆ ಮಾದೇಶನ ಗುಡುಗು ತಂಡ ಎಲ್ಲಿದೆಯೋ ಅಲ್ಲಿಗೆ ಬಸ್ಸು ಹತ್ತುವುದು. ಏಪ್ರಿಲ್ ಎಂದರೆ ಜಯಂತಿಗಳ ತಿಂಗಳು, ತಂಡಕ್ಕೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಅವಳಿಗೂ ಇರುವುದಿಲ್ಲ. "ಗಂಡು ನೋಡಕೆ ಬತ್ತಾರೆ ಅಂದ್ರೂ ತಮ್ಟೆ ಇಂದೆ ಓಯ್ತೀಯಲ್ಲ ಮಗಾ," ಎಂದು ಅವ್ವ ಮಂಗಳಮ್ಮ ಗೊಣಗಿದರೆ, "ಅವ್ರನ್ನೂ ಅಲ್ಲಿಗೇ ಬರಾಕೇಳವ್ವ," ಎಂದು ಚಪ್ಪಲಿ ಮೆಟ್ಟುತ್ತಿದ್ದಳು. ಅಷ್ಟು ಮಾತಾಡುತ್ತಿದ್ದುದೂ ಮನೆಯಲ್ಲಿ ಮಾತ್ರ. ಹೊರಗೆ ಕಾಲಿಟ್ಟರೆ ಕಣ್ಣೇ ಬಾಯಿ.

ಬೇರೆಯವರು ಮೊದಲ ಹಾಡಿಗೆ ಫೋನು ಎತ್ತಿದರೆ ಅವಳು ತಮಟೆ ಕಾಯಿಸುವಾಗಲೇ ಎತ್ತುತ್ತಿದ್ದಳು. ತಣ್ಣಗಿದ್ದಾಗ ಒದ್ದೆ ಗೋಣಿಯ ಹಾಗೆ ದೊಪ್ ಎನ್ನುವ ಚರ್ಮ, ಉರಿಯ ಬಿಸಿಗೆ ಬಿಗಿಯುತ್ತಾ ಬಿಗಿಯುತ್ತಾ ಕೊನೆಗೆ ಬೆರಳು ಸೋಕಿದರೂ ಠಣ್ ಎನ್ನುವಂತಾಗುತ್ತದೆ. ಆ ಏರಿಕೆ ಅವಳಿಗೆ ಹಾಡಿಗಿಂತ ಹೆಚ್ಚು. ಮಾದೇಶ ಅದಕ್ಕೆಂದೇ ಅವಳನ್ನು ಹಿಂಬದಿಗೆ ಬಿಟ್ಟುಕೊಂಡಿದ್ದ. ವೇದಿಕೆ ಹತ್ತಿದವನು, "ನಮ್ ಮಿತ್ರ ಬಂದವ್ಳಾ? ಬಂದ್ಮೇಲೆ ಸುರು ಮಾಡನ," ಎಂದು ಮೈಕಿನಲ್ಲಿ ಕೇಳುತ್ತಿದ್ದ. ಸಾವಿರ ಜನರ ನಡುವೆ ತನ್ನ ಹೆಸರು. ಸಂಘಮಿತ್ರಾಳ ಕಿವಿ ಬಿಸಿಯಾಗುತ್ತಿತ್ತು. ಅವನು ಬಾಯಿ ತೆರೆದರೆ ಸುಣ್ಣದ ಗೂಡಿನಿಂದ ಎದ್ದು ಬಂದಂಥ ಧ್ವನಿ. ಅದನ್ನು ಕೇಳಿ ಅವಳು ಎಷ್ಟೋ ಸಲ ಕತ್ತಲಲ್ಲಿ ಕಣ್ಣೊರೆಸಿಕೊಂಡಿದ್ದಳು.

ನಿನ್ನೆ ನಂಜನಗೂಡಿನಲ್ಲಿ, ರೈಲ್ವೆ ಸ್ಟೇಷನ್ನಿನ ಆಚೆಯ ಬಡಾವಣೆಯಲ್ಲಿ, ಎರಡನೇ ಹಾಡಿಗೇ ಮೈಕು ಕೆಟ್ಟಿತು. ಮಾದೇಶನ ಹಾಡು ನಡುಸಾಲಿನಲ್ಲಿ ಕತ್ತರಿಸಿತು. ಕೋಮಲ ಮಾತ್ರ ನಿಲ್ಲಿಸಲಿಲ್ಲ. ಮಾದೇಶನ ಹೆಂಡತಿಯಾಗಿ ಬಂದು ತಮಟೆ ಕಲಿತವಳು ಅವಳು, ಎಂದೂ ಮುಂದೆ ಬಂದವಳಲ್ಲ. ಜನ ಎದ್ದು ಹೋಗದಿರಲಿ ಎಂದು ಬಡಿಯುತ್ತಾ ಹೋದವಳು ಎಲ್ಲೋ ತನ್ನನ್ನೇ ಮರೆತಳು. ಬಲಗೈಯ ಕೋಲು ಮಳೆ ಸುರಿಸಿದರೆ ಎಡಗೈಯ ಕಡ್ಡಿ ಅದರ ಸಂದಿಯಲ್ಲಿ ಹನಿಯಾಡಿತು. ಕುರ್ಚಿಯಲ್ಲಿದ್ದವರು ಎದ್ದು ನಿಂತರು. ಸಂಘಮಿತ್ರಾ ತಾನು ತೆಗೆದ ವಿಡಿಯೊದಲ್ಲಿ ಅಷ್ಟನ್ನು ಅಲ್ಲೇ ತುಂಡು ಮಾಡಿ, 'ಕೋಮಲಕ್ಕನ ಕೈ' ಎಂದು ಬರೆದು ನೆಟ್ಟಿಗೆ ಹಾಕಿಬಿಟ್ಟಳು.

ಬೆಳಗ್ಗೆ ನೋಡಿದರೆ ಊರೆಲ್ಲ ನೋಡಿಬಿಟ್ಟಿತ್ತು. ನರಸೀಪುರದ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗರು ಅದನ್ನೇ ಹಚ್ಚಿಕೊಂಡು ತೊಡೆ ಬಡಿಯುತ್ತಿದ್ದರು. ಸುತ್ತೂರು ದಾಟುವವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ನಕ್ಕಳು. ಆಮೇಲೆ ಅವರಲ್ಲೊಬ್ಬ, "ಇಂದ್ಗಡೆ ಬಾಯ್ ಬಡ್ಕತಾವ್ನಲ್ಲ, ಯಾರ್ಲಾ ಅವ್ನು?" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಂಘಮಿತ್ರಾ ಫೋನು ತೆಗೆದು ನೋಡಿದಳು. ಅವಳು ಕೈಯನ್ನಷ್ಟೇ ನೋಡಿದ್ದಳು. ಮೂಲೆಯಲ್ಲಿ ಮಾದೇಶ ಇದ್ದ. ಸತ್ತ ಮೈಕು ಹಿಡಿದು, ಕತ್ತಿನ ನರ ಉಬ್ಬಿಸಿ ಮೈಕಿನವನಿಗೆ ಬೈಯುತ್ತಿದ್ದ. ಒಂದು ಮಾತೂ ಕೇಳಿಸುತ್ತಿರಲಿಲ್ಲ. ಕೆಳಗೆ ಬರೆದವರೆಲ್ಲ ಅದನ್ನೇ ಆಡಿಕೊಂಡಿದ್ದರು. ಅಳಿಸಿದಳು. ಅಷ್ಟರಲ್ಲಿ ಅದು ಯಾರ‍್ಯಾರ ಫೋನಿಗೋ ಹೋಗಿಯಾಗಿತ್ತು.

"ಏಳು ಅಂದ್ನಲ್ಲ," ಎಂದ ಮಾದೇಶ ಮತ್ತೆ.

ಕೋಮಲ ಎದ್ದಳು. ಸೆರಗು ಸರಿಮಾಡಿಕೊಂಡಳು. ಅವನು ಕಿಬ್ಬೊಟ್ಟೆಗೆ ಒದ್ದ. ಅವಳು ಬಾಗಿದಾಗ ಕೂದಲು ಹಿಡಿದು ನೆಟ್ಟಗೆ ನಿಲ್ಲಿಸಿದ. ನೆಲದಲ್ಲಿದ್ದ ದಪ್ಪ ಕೋಲನ್ನು ಎತ್ತಿಕೊಂಡ.

"ಕೈ ಚಾಚು."

ಅವಳು ಅಂಗೈ ಚಾಚಿದಳು.

"ಅಂಗಲ್ಲ. ತಿರುಗ್ಸು."

ಗೆಣ್ಣಿನ ಮೇಲೆ ಹೊಡೆದ. ಒಣ ಕಡ್ಡಿ ಮುರಿದ ಸದ್ದು. ಕೋಮಲಳ ಬಾಯಿಂದ ಗಾಳಿ ಮಾತ್ರ ಬಂತು. ಮತ್ತೆ ಹೊಡೆದ. "ಊರೆಲ್ಲ ನೋಡ್ತಂತೆ ನಿನ್ ಕೈಯ್ಯ. ನಾನೂ ನೋಡ್ಬೇಡ್ವಾ?"

"ಮಾದಾ, ಈಗ ಪೋಗ್ರಾಮ್ ಅದೆ," ಎಂದ ಮರಿಯಯ್ಯ ಉರಿಯಿಂದ ಕಣ್ಣು ತೆಗೆಯದೆ. "ಕೈಗ್ ಒಡೀಬ್ಯಾಡ ಕಣ್ಲಾ."

ಮಾದೇಶ ನಕ್ಕ. "ಬೆನ್ನಿಗ್ ಒಡುದ್ರೆ ಸುಮ್ಕಿರ್ತೀಯಲ್ವಾ ಚಿಕ್ಕಪ್ಪ?"

ಮುದುಕ ಉರಿಗೆ ಇನ್ನೊಂದು ಹಿಡಿ ಹುಲ್ಲು ಹಾಕಿದ.

ಸಂಘಮಿತ್ರಾ ಮರದ ಬುಡದಿಂದ ಏಳಲಿಲ್ಲ. ಕೂಗಬೇಕೆಂದು ಬಾಯಿ ತೆರೆದಳು. ಹಾಗೇ ಮುಚ್ಚಿದಳು. ಮಾದೇಶ ಕೋಲು ಬಿಸಾಕಿ, ಇಟ್ಟಿಗೆಗೆ ಒರಗಿದ್ದ ಫೋನು ತೆಗೆದುಕೊಂಡು ಅವಳ ಹತ್ತಿರ ಬಂದ. ಅಂಗಿಯ ತುದಿಯಿಂದ ಅದರ ಬೂದಿ ಒರೆಸಿ ಅವಳ ಕೈಗಿಟ್ಟ.

"ತಪ್ಪು ನಿಂದಲ್ಲ ಕಣವ್ವ. ನಿಂಗೊತ್ತಾಗಲ್ಲ. ಇವತ್ತು ನಂದ್ ಪೂರ್ತಿ ಬರ್ಬೇಕು, ಆಯ್ತಾ? ಇವ್ಳು ಕಾಣ್ದಂಗೆ ಇಡ್ಕೊ."

ಅವಳು ತಲೆಯಾಡಿಸಿದಳು. ತಲೆಯಾಡಿಸಿದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡಳು. ಆದರೆ ಆ ಹೊತ್ತಿಗೆ ತಂಡ ವೇದಿಕೆ ಹತ್ತಿತ್ತು.

ಮುಂದಿನ ಸಾಲಿನ ಪಕ್ಕದಲ್ಲಿ ನಿಂತು ಸಂಘಮಿತ್ರಾ ಫೋನು ಎತ್ತಿದಳು. ಮಾದೇಶ ಹಾಡಿದ. ಅದೇ ಧ್ವನಿ, ಒಂದು ಕೂದಲೆಳೆಯೂ ಕೊಂಕಿರಲಿಲ್ಲ. ಅದೇ ಅವಳಿಗೆ ಸಹಿಸಲಾಗಲಿಲ್ಲ. ಕೋಮಲ ಹಿಂದೆ ನಿಂತು ಬಡಿಯುತ್ತಿದ್ದಳು. ಬಲಗೈ ಬನ್ನಿನ ಹಾಗೆ ಉಬ್ಬಿತ್ತು. ಬೆರಳು ಮಡಚಲಾಗದೆ ಕೋಲನ್ನು ಹೆಬ್ಬೆರಳಿಗೂ ಅಂಗೈಗೂ ನಡುವೆ ಸಿಕ್ಕಿಸಿಕೊಂಡಿದ್ದಳು. ಪ್ರತಿ ಏಟಿಗೂ ಅವಳ ದವಡೆ ಬಿಗಿಯುತ್ತಿತ್ತು.

ಹಾಡು ಮುಗಿಯುತ್ತಿದ್ದಂತೆ ಹಿಂದಿನಿಂದ ಹುಡುಗರು ಕೂಗಿದರು. "ಅಕ್ಕಾ, ನಿನ್ನೇದು ಒಡಿಯಕ್ಕಾ."

"ಅಣ್ಣ, ವಸಿ ಮೈಕ್ ಆಫ್ ಮಾಡಣ್ಣ."

ನಗು ಕುರ್ಚಿಯಿಂದ ಕುರ್ಚಿಗೆ ಹಬ್ಬಿತು. ಮಾದೇಶನೂ ನಕ್ಕ. "ಅಕ್ಕಂಗೆ ಇವತ್ತು ಕೈ ಸೋತದೆ ಕಣ್ರಪ್ಪೋ. ಕೇಳಿ ಬೇಕಾದ್ರೆ." ಕೋಮಲಳ ಕಡೆ ತಿರುಗಿ, ಮೈಕು ಕೆಳಗಿಳಿಸಿ, "ಒಡಿ," ಎಂದ.

ಅವಳು ಹೊಡೆದಳು. ನಾಲ್ಕು ಏಟು ಸರಿಯಾಗಿ ಬಿತ್ತು, ಐದನೆಯದಕ್ಕೆ ಕೋಲು ಕೈಯಿಂದ ಜಾರಿ ವೇದಿಕೆಯ ಮೇಲೆ ಉರುಳಿತು. ಮಾದೇಶ ಅವಳ ತಮಟೆಗೆ ಒದ್ದ. ತಮಟೆಯ ಅಂಚು ಎದೆಗೆ ಬಡಿದು ಅವಳು ಕುಸಿದಳು. ಜನ ಅದೂ ಆಟವೆಂದುಕೊಂಡು ಶಿಳ್ಳೆ ಹೊಡೆದರು. ಮಾದೇಶ ಮೈಕು ಕೆಳಗೆ ಹಾಕಿ, ಬಗ್ಗಿ ಕೋಲು ತೆಗೆದುಕೊಂಡ. ಅದನ್ನು ಹಿಡಿದ ರೀತಿ ಸಂಘಮಿತ್ರಾಳಿಗೆ ಗೊತ್ತಿತ್ತು. ಆ ಸಾವಿರ ಜನರಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು.

ಮೆಟ್ಟಿಲು ಎಲ್ಲಿದೆಯೆಂದು ನೋಡಲಿಲ್ಲ. ಮೊಣಕಾಲೂರಿ ವೇದಿಕೆ ಹತ್ತಿದಳು, ಫೋನು ಯಾರ ಕಾಲಡಿಗೆ ಬಿತ್ತೋ. ಓಡಿಹೋಗಿ ಕೋಮಲಳ ಕೈಯ ಮೇಲೆ ತನ್ನ ಮೈ ಹಾಕಿ ಮುಖವೆತ್ತಿದಳು. ಬೀಸಿದ ಕೋಲು ಬಾಯಿಗೆ ಬಿತ್ತು. ಕಬ್ಬಿಣದ ರುಚಿ, ಆಮೇಲೆ ನಾಲಿಗೆಯ ಮೇಲೆ ಕಲ್ಲಿನಂಥದೇನೋ. ಉಗಿದಳು. ಹಲ್ಲು.

"ಇವ್ನು ಅಕ್ಕನ ಕೈ ಮುರ್ದವ್ನೆ," ಎಂದಳು. ಬಿದ್ದಿದ್ದ ಮೈಕು ಪಕ್ಕದಲ್ಲೇ ಇತ್ತು. ರಕ್ತದ ಗುಳ್ಳೆಯ ನಡುವಿನಿಂದ ಬಂದ ಆ ಮಾತು ಮೈದಾನದ ಕಂಬ ಕಂಬದಿಂದಲೂ ಹೊರಟಿತು. ಅವಳ ಧ್ವನಿಯನ್ನು ಅವಳೇ ಅಷ್ಟು ಜೋರಾಗಿ ಕೇಳಿರಲಿಲ್ಲ.

ಶಿಳ್ಳೆ ನಿಂತಿತು. ಹೆಂಗಸರ ಸಾಲಿನಿಂದ ಮೊದಲು ಒಂದು ಕುರ್ಚಿ ಹಾರಿ ಬಂತು. ಆಮೇಲೆ ಗಂಡಸರು ವೇದಿಕೆಗೆ ನುಗ್ಗಿದರು. ಶಿಳ್ಳೆ ಹೊಡೆದಿದ್ದವರೇ ಎಲ್ಲರಿಗಿಂತ ಮುಂದಿದ್ದರು. ಮಾದೇಶನನ್ನು ಕಾಲು ಹಿಡಿದು ಕೆಳಗೆಳೆದರು. ಅವನ ತಲೆಯ ಹಿಂಭಾಗ ಹಲಗೆಯಿಂದ ಹಲಗೆಗೆ ತಾಗುತ್ತಾ ಹೋಯಿತು. ಒದೆಯುವವರಿಗೆ ಜಾಗ ಸಾಲದೆ ಒಬ್ಬರನ್ನೊಬ್ಬರು ತಳ್ಳಿದರು. ಅವನು ಮುಖ ಮುಚ್ಚಿಕೊಂಡರೆ ಕೈ ಬಿಡಿಸಿ ಹೊಡೆದರು. ಒಬ್ಬ ಮೈಕಿನ ಕಬ್ಬಿಣದ ಸ್ಟ್ಯಾಂಡನ್ನೇ ಎತ್ತಿಕೊಂಡು ಬಂದ. ಕೆಲವರು ಫೋನು ಎತ್ತಿ ಹಿಡಿದಿದ್ದರು. ಮಾದೇಶನ ಬಾಯಿಂದ ಈಗ ಬರುತ್ತಿದ್ದ ಸದ್ದಿಗೂ ಅವನ ಹಾಡಿಗೂ ಯಾವ ನಂಟೂ ಇರಲಿಲ್ಲ.

ಒಬ್ಬ ಯುವಕ ಬೆವರು ಸುರಿಸುತ್ತಾ ಕೋಮಲಳ ಹತ್ತಿರ ಬಂದು ತಮಟೆಯ ಕೋಲು ಚಾಚಿದ. "ತಕ್ಕೊ ಅಕ್ಕ. ನೀನೂ ಬಾರ್ಸು."

ಕೋಮಲ ಉಬ್ಬಿದ ಕೈ ಎತ್ತಿ ತೋರಿಸಿದಳು. "ಇದ್ರಲ್ಲಾ?" ಎಂದಳು. ಅವಳು ವೇದಿಕೆಯ ಅಂಚಿಗೆ ನಡೆದು ಗುಂಪನ್ನು ನೋಡಿದಳು. "ಸಾಕು ಬುಡ್ರಪ್ಪ. ಅವ್ನು ಸತ್ರೆ ಮೂರ್ ದಿಸ ನಾನೇ ಅಳ್ಬೇಕು. ನನ್ ಕೈಲಾಗಕಿಲ್ಲ."

ಒದೆಯುತ್ತಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಬಟ್ಟೆ ಕೊಡವಿಕೊಂಡರು. ಒಬ್ಬ ತನ್ನ ಚಪ್ಪಲಿ ಹುಡುಕುತ್ತಿದ್ದ.

ಮೈದಾನದ ಗೇಟಿನ ಆಚೆ ಐಸ್ ಕ್ಯಾಂಡಿಯ ಗಾಡಿ ಇತ್ತು. ಗಾಡಿಯವನು ಏನೂ ಕೇಳದೆ ಎರಡು ಕ್ಯಾಂಡಿ ಕೊಟ್ಟ. ಇಬ್ಬರೂ ಮೋರಿಯ ಕಟ್ಟೆಯ ಮೇಲೆ ಕೂತರು. ಒಂದನ್ನು ಸಂಘಮಿತ್ರಾ ತುಟಿಗೆ ಒತ್ತಿಕೊಂಡಳು, ಇನ್ನೊಂದನ್ನು ಕೋಮಲಳ ಗೆಣ್ಣಿನ ಮೇಲೆ ಹಿಡಿದಳು.

"ನನ್ನಿಂದ ಆಗೋಯ್ತು ಕಣಕ್ಕ," ಎಂದಳು. ತುಟಿ ದಪ್ಪವಾಗಿ ಮಾತು ತೊದಲಿತು.

"ಬೆಳಿಗ್ಗೆ ನೋಡ್ದೆ," ಎಂದಳು ಕೋಮಲ. "ಅವ್ನೇ ತೋರ್ಸ್ದ, ಕತ್ತಿನ ಪಟ್ಟಿ ಇಡ್ಕೊಂಡು. ಅವ್ನು ಏನ್ ಅಂತಿದ್ನೋ, ನಂಗೆ ಕೇಳಿಸ್ನಿಲ್ಲ. ನನ್ ಕೈ ಅಂಗಿರ್ತದೆ ಅಂತ ನಂಗೇ ಗೊತ್ತಿರ್ನಿಲ್ಲ ಕಣಮ್ಮಿ."

ಗೇಟಿನಿಂದ ತಂಡದ ಟೆಂಪೋ ಹೊರಗೆ ಬಂತು. ಮಾದೇಶನನ್ನು ಹಿಂದೆ ಜಮಖಾನೆಯ ಮೇಲೆ ಮಲಗಿಸಿದ್ದರು. ಒಂದು ಕಾಲು ಮಾತ್ರ ಕಾಣುತ್ತಿತ್ತು. ಮರಿಯಯ್ಯ ಇಳಿದು ಬಂದ. ಬರುವಾಗಲೂ ನೆಲವನ್ನೇ ನೋಡುತ್ತಿದ್ದ.

"ಬಾರವ್ವ. ಆಸ್ಪತ್ರೆಗೆ ಕರ್ಕೊಂಡೋಗ್ಬೇಕು. ಎಡ್ತಿ ಎಲ್ಲಿ ಅಂದ್ರೆ ನಾನೇನ್ ಯೋಳ್ಲಿ?"

"ಕೈ ತೋರ್ಸಕೆ ನಾನೂ ಆಸ್ಪತ್ರೆಗೇ ಓಯ್ತೀನಿ ಮಾವ. ಆ ಟೆಂಪೋದಲ್ಲಿ ಅಲ್ಲ."

"ತಮ್ಟೆ ಎಲ್ಲ ಗಾಡೀಲದೆ."

"ಇರ್ಲಿ."

ಡ್ರೈವರು ಹಾರನ್ ಹೊಡೆದ. ಮತ್ತೆ ಉದ್ದಕ್ಕೆ ಹೊಡೆದ. ಮರಿಯಯ್ಯ ಹೋಗಿ ಹತ್ತಿಕೊಂಡ. ಟೆಂಪೋ ಸೇತುವೆಯ ಕಡೆ ತಿರುಗಿ ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಮರೆಯಾಯಿತು. ಕೋಮಲ ಅದನ್ನು ನೋಡಲಿಲ್ಲ.

"ರಾತ್ರಿಗೆ ನಿಮ್ಮನೆಗೆ ಬಂದ್ರೆ ನಿಮ್ಮವ್ವ ಏನಾರ ಅಂದಾರಾ?"

"ಏನೂ ಅನ್ನಲ್ಲ ಕಣಕ್ಕ. ಮುದ್ದೆ ಇಕ್ತದೆ."

ಕೈಯ ಮೇಲಿದ್ದ ಕ್ಯಾಂಡಿ ಕರಗಿ ಬರಿ ಕಡ್ಡಿ ಉಳಿದಿತ್ತು. ಕೋಮಲ ಅದನ್ನು ಎಡಗೈಯಲ್ಲಿ ತೆಗೆದು ಮೋರಿಗೆ ಎಸೆದಳು. "ಇನ್ನೊಂದ್ ತಕ್ಕೊಂಬಾ," ಎಂದಳು. "ಈ ಸಲ ತಿನ್ನಕೆ."

ಸಂಘಮಿತ್ರಾ ಕಿತ್ತಳೆ ಬಣ್ಣದ್ದು ತಂದುಕೊಟ್ಟಳು. ಕೋಮಲ ಎಡಗೈಯಲ್ಲಿ ಹಿಡಿದು, ಅಭ್ಯಾಸವಿಲ್ಲದ ಮಗುವಿನ ಹಾಗೆ ಓರೆಯಾಗಿ ಬಾಯಿಗಿಟ್ಟಳು. ಬಿಸಿಲಿಗೆ ಬಣ್ಣದ ನೀರು ಮುಂಗೈ ದಾಟಿ ಮೊಣಕೈಗೆ ಹರಿಯಿತು. ಅವಳು ಕತ್ತು ಬಗ್ಗಿಸಿ, ಕಣ್ಣು ಮುಚ್ಚಿ, ಅದನ್ನೂ ಬಿಡದೆ ನೆಕ್ಕಿದಳು.