ಇಂಜಿನಿಯರರ ಮನೆಯ ಬದಾಮಿ ಹೂರಣ

ಅಕ್ಕಿಆಲೂರಿನ ಮದುವೆಮನೆಗಳಲ್ಲಿ ಸಿಹಿ ಅಡುಗೆ ಎಂದರೆ ಸಾವಂತ್ರವ್ವನ ಕೈಯದೇ ಆಗಬೇಕಿತ್ತು. ಹಾನಗಲ್ಲಿನಿಂದ, ಬಂಕಾಪುರದಿಂದ ಗಾಡಿ ಕಟ್ಟಿಕೊಂಡು ಕರೆಯಲು ಬರುತ್ತಿದ್ದರು. ಐವತ್ತು ದಾಟಿದ ವಿಧವೆ. ತೋಳಿನಲ್ಲಿ ಕಸುವಿತ್ತು, ನಾಲಿಗೆಯಲ್ಲಿ ಅದಕ್ಕಿಂತ ಹೆಚ್ಚು. ಇನ್ನೊಬ್ಬರ ಅಡುಗೆಯನ್ನು ಆಕೆ ಹೊಗಳಿದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ.

ಅರವತ್ತೆರಡನೆಯ ಇಸವಿಯ ಚಳಿಗಾಲದಲ್ಲಿ, ಕಾಲುವೆ ಕೆಲಸಕ್ಕೆಂದು ಊರಿಗೆ ಬಂದಿದ್ದ ಇಂಜಿನಿಯರರ ಹೆಂಡತಿ ಮಾಲತಿಬಾಯಿ ಆಕೆಗೆ ಹೇಳಿಕಳಿಸಿದಳು. ಮಾಲತಿಬಾಯಿ ಧಾರವಾಡದಲ್ಲಿ ಹುಟ್ಟಿದವಳು, ಮುಂಬಯಿಯಲ್ಲಿ ಹತ್ತು ವರ್ಷ ಇದ್ದು ಬಂದವಳು. ಅಲ್ಲಿ ಯಾರೋ ಬಿಳಿ ಮೇಡಮ್ಮನ ಹತ್ತಿರ ಫ್ರಾನ್ಸ್ ದೇಶದ ಬದಾಮಿ ತಿಂಡಿ ಕಲಿತಿದ್ದಳಂತೆ. ಈಗ ಊರ ಹೆಂಗಸರನ್ನು ಕರೆದು ಅದನ್ನು ಕಲಿಸುವ ಉಮೇದು ಬಂದಿತ್ತು.

"ಬದಾಮಿ ಭಾಳ ನುಣ್ಣಗ ಆಗಬೇಕ್ರಿ ಸಾವಂತ್ರವ್ವ. ಮುಂಬೈದಾಗ ಮಶೀನ್ ಇತ್ತು," ಎಂದಳು.

"ಮಶೀನ್ ಇಲ್ಲಂತ ನನ್ನ ಕರದೀರೇನ್ರಿ?"

ಮಾಲತಿಬಾಯಿ ನಕ್ಕಳು. ಅದು ನಗೆಮಾತಲ್ಲ ಎಂದು ಅವಳಿಗೆ ತಿಳಿಯಲಿಲ್ಲ.

ಅವಳು ಬಿಸಿನೀರಿನಲ್ಲಿ ನೆನೆಸಿ ಸಿಪ್ಪೆ ಸುಲಿದ ಬದಾಮಿಯನ್ನು ಹಸಿಯಾಗಿಯೇ ಒರಳಿಗೆ ಸುರಿಯಲು ಹೊರಟಿದ್ದಳು. ಸಾವಂತ್ರವ್ವ ಬುಟ್ಟಿ ಕಸಿದುಕೊಂಡು, ಬಿಳಿ ಪಂಜೆಯ ಮೇಲೆ ಹರವಿ ಒಂದಿಡೀ ದಿನ ಬಿಸಿಲಿಗೆ ಒಣಗಿಸಿದಳು. ಮರುದಿನ ಬೆಳಿಗ್ಗೆ ಹಿಡಿ ಹಿಡಿ ಸಕ್ಕರೆ ಕೂಡಿಸಿ, ಎಣ್ಣೆ ಬಿಡದಂತೆ ಕುಟ್ಟತೊಡಗಿದಳು. ಪಕ್ಕದಲ್ಲಿ ಮಾಲತಿಬಾಯಿ ಹಿಟ್ಟು ಲಟ್ಟಿಸಿ ಬೆಣ್ಣೆ ಹಚ್ಚಿ ಮಡಚುತ್ತಿದ್ದಳು. ಆ ಪದರುಗಳು ಸಾವಂತ್ರವ್ವನಿಗೆ ಕಂಬಳಿ ಮಡಚಿಟ್ಟಂತೆ ಕಂಡವು. ಇಷ್ಟಕ್ಕೆ ಮುಂಬಯಿಗೆ ಹೋಗಬೇಕಿತ್ತೇ ಎಂದುಕೊಂಡಳು.

ಅಷ್ಟರಲ್ಲಿ ಕೋಳಿ ಸಾಕುವ ಮಾಬೂಬಿ ಹಿತ್ತಲ ಬಾಗಿಲಿಗೆ ಬಂದು, ಸೆರಗಿನಲ್ಲಿ ಕಟ್ಟಿ ತಂದ ಎಂಟು ತತ್ತಿ ಕೊಟ್ಟುಹೋದಳು. ಮಾಲತಿಬಾಯಿ ಅವನ್ನು ಪಾತ್ರೆಗೆ ಒಡೆದುಹಾಕಿ, ಕದಡಿ, ಮುಚ್ಚಳ ಮುಚ್ಚಿದಳು.

"ತತ್ತಿ ಯಾತಕ್ರಿ?" ಸಾವಂತ್ರವ್ವನ ಕೈ ನಿಂತಿತು.

"ಹೂರಣಕ್ಕ. ಅದಿಲ್ಲಂದ್ರ ಬೇಯೂಮುಂದ ಹೂರಣ ಹರದು ಹೊರಗ ಬರ್ತದ."

"ಮಧ್ಯಾಹ್ನ ಬರೂ ಮಂದಿ ತತ್ತಿ ಮುಟ್ಟೂದಿಲ್ಲಂತ ಗೊತ್ತೈತೇನ್ರಿ?"

"ಗೊತ್ತದ. ಅದಕ್ಕ ಮೊದಲ ಕದಡಿ ಇಟ್ಟೇನಿ. ಬೆಂದ ಮ್ಯಾಲ ವಾಸನಿ ಬರೂದಿಲ್ಲ. ಯಾರಿಗೆ ತಿಳೀತದ?"

ಸಾವಂತ್ರವ್ವ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕೈಗಡಿಯಾರ, ಇಸ್ತ್ರಿ ಮಾಡಿದ ಸೀರೆ, ಇಂಗ್ಲಿಷ್ ಪುಸ್ತಕ. ಒಳಗೆ ಮಾತ್ರ ಹಾಲಿಗೆ ನೀರು ಬೆರೆಸುವವಳ ಬುದ್ಧಿ. ಎದ್ದು ಹೋಗಿಬಿಡಬೇಕೆನಿಸಿತು. ಆದರೆ ಹೋದರೂ, ತಿಂದವರು ನಾಳೆ ಸಾವಂತ್ರವ್ವನೇ ಮಾಡಿದ್ದು ಎನ್ನುತ್ತಾರೆ. ಆಕೆ ಮತ್ತೆ ಕುಟ್ಟತೊಡಗಿದಳು.

ಮಧ್ಯಾಹ್ನ ಏಳು ಮಂದಿ ಹೆಂಗಸರು ಪಡಸಾಲೆಯಲ್ಲಿ ಕುಳಿತರು. ಎಲ್ಲರಿಗಿಂತ ಮುಂದೆ ಅನ್ನವ್ವ. ಅವಳ ಗಂಡ ಗುದ್ಲೆಪ್ಪ ಕಾಲುವೆಗೆ ಕಲ್ಲು ಹೊಡೆಸುವ ಗುತ್ತಿಗೆದಾರ. ಪಕ್ಕದಲ್ಲಿ ಶಾರವ್ವ. ಅವಳ ಗದ್ದೆಗೆ ಕಾಲುವೆ ಬರುತ್ತದೋ ಇಲ್ಲವೋ ಇನ್ನೂ ತೀರ್ಮಾನವಾಗಿರಲಿಲ್ಲ. ಮಾಲತಿಬಾಯಿ ಬೆಣ್ಣೆಗೆ ಸಕ್ಕರೆ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದಳು.

"ಅಯ್ಯ, ಬೆಣ್ಣಿ ಹೆಂಗ ಹತ್ತಿಯಂಗ ಆತ್ರಿ!" ಎಂದಳು ಅನ್ನವ್ವ, ಹುಟ್ಟಿದಾಗಿನಿಂದ ಬೆಣ್ಣೆಯನ್ನೇ ಕಾಣದವಳ ಹಾಗೆ.

ಪಾತ್ರೆಯ ಮುಚ್ಚಳ ತೆಗೆದಾಗ ಶಾರವ್ವ ಕೇಳಿದಳು: "ಅದೇನ್ರಿ ಹಳದಿ?"

"ಇದು... ಮುಂಬೈ ಕಡೆ ಸಿಗೂ ಒಂದ ನಮೂನಿ ಕೆನಿ."

"ತತ್ತಿ ಅದು," ಎಂದಳು ಸಾವಂತ್ರವ್ವ, ಮೂಲೆಯಲ್ಲಿ ಕುಳಿತಲ್ಲಿಂದಲೇ. "ಎಂಟು ಕೋಳಿತತ್ತಿ. ನಾ ಬದಾಮಿ ಅಷ್ಟ ಕುಟ್ಟೇನಿ. ಏಳೂದಿದ್ರ ಈಗ ಏಳ್ರಿ, ಆಮ್ಯಾಲ ನನ್ನ ಹೆಸರು ಹೇಳಬ್ಯಾಡ್ರಿ."

ಮಾಲತಿಬಾಯಿಯ ಮುಖ ಕೆಂಪಾಯಿತು. ಗಾಬರಿಯಲ್ಲಿ ತತ್ತಿಯನ್ನೆಲ್ಲ ಒಮ್ಮೆಗೇ ಸುರಿದಳು. ಬೆಣ್ಣೆ ಒಡೆದು ತರಿತರಿಯಾಗಿ ತೇಲಿತು.

ಯಾರೂ ಏಳಲಿಲ್ಲ. ಸಾವಂತ್ರವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಶಾರವ್ವ ಸೆರಗಿನ ಅಂಚು ಎಣಿಸುತ್ತಿದ್ದಳು. ಮಾಬೂಬಿ ಅಂಗಳ ದಾಟಿದರೆ ನೀರು ಹಾಕಿ ತೊಳೆಸುತ್ತಿದ್ದ ಅನ್ನವ್ವ ಸಿಡುಕಿದಳು:

"ನಿನಗ್ಯಾಕ ಬೇಕಿತ್ತ ಈ ಮಾತು? ಮಾಲತಿಬಾಯಾರು ಓದಿದವರು. ಅವರಿಗೆ ಗೊತ್ತಿರೂದಿಲ್ಲೇನು?"

ಮೈಯ ರಕ್ತವೆಲ್ಲ ಸಾವಂತ್ರವ್ವನ ತಲೆಗೇರಿತು. ಮೋಸ ಮಾಡಿದವಳು ಒಬ್ಬಳು. ಮೋಸ ಹೋಗಲು ತಾವಾಗಿ ಬಾಯಿ ತೆರೆದು ಕುಳಿತವರು ಏಳು ಮಂದಿ. ಇಷ್ಟು ವರ್ಷ ಈ ಮನೆಗಳ ಮಡಿಗೆ ಹೆದರಿ, ಮೂರು ಸಲ ಕೈ ತೊಳೆದು ಹಿಟ್ಟು ಮುಟ್ಟಿದೆನಲ್ಲ ಎಂದು ತನ್ನ ಮೇಲೆಯೇ ಆಕೆಗೆ ಹೇಸಿಕೆ ಬಂತು.

ಮಾಲತಿಬಾಯಿ ಒಡೆದ ಬೆಣ್ಣೆಯನ್ನು ಸುಮ್ಮನೆ ತಿರುವುತ್ತಿದ್ದಳು. ತಾನು ಕುಟ್ಟಿದ ಬದಾಮಿ ಹಾಳಾಗುವುದನ್ನು ನೋಡುವುದು ಸಾವಂತ್ರವ್ವನಿಂದ ಆಗಲಿಲ್ಲ.

"ಬದಾಮಿ ಹಾಕ್ರಿ ಅದಕ್ಕ. ಒಂದ ಚಮಚ ಮೈದಾ ಹಾಕ್ರಿ. ಕೂಡ್ತೈತಿ," ಎಂದಳು.

ಕೂಡಿತು. ಪದರಿನಲ್ಲಿ ಹೂರಣವಿಟ್ಟು, ಸ್ಟೋವಿನ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಬೇಯಿಸಿದಾಗ ಓಣಿಯ ತುಂಬ ಘಮ್ಮೆಂದಿತು. ಏಳೂ ಮಂದಿ ತಿಂದರು. ಅನ್ನವ್ವ ಎರಡನೆಯದಕ್ಕೆ ಕೈಚಾಚಿದಾಗ ಸಾವಂತ್ರವ್ವ ಎದ್ದು, ಯಾರಿಗೂ ಹೇಳದೆ ಹಿತ್ತಲಿಂದ ಹೊರಬಿದ್ದಳು.

ಮರುದಿನ ಮಾಲತಿಬಾಯಿ ತಾನೇ ಆಕೆಯ ಮನೆಗೆ ಬಂದಳು. "ನಂದು ತಪ್ಪಾತ್ರಿ. ಹೇಳಿ ಮಾಡಬೇಕಿತ್ತು," ಎಂದಳು. ಸಾವಂತ್ರವ್ವ "ಹೂಂ" ಎಂದಳು, ಕೂಡ್ರು ಎನ್ನಲಿಲ್ಲ. ಆದರೂ ಆ ಏಳು ಮಂದಿಗೆ ಹೋಲಿಸಿದರೆ ಇವಳು ವಾಸಿ ಎನಿಸಿತು.

ವಾರದ ಮೇಲೆ ಅನ್ನವ್ವ ಬಂದಳು. ಬಾಗಿಲನ್ನು ಅರ್ಧ ಮುಚ್ಚಿ, ಕುಳಿತು, ದನಿ ತಗ್ಗಿಸಿದಳು.

"ಸಾವಂತ್ರಕ್ಕ, ನಮ್ಮನಿಗೆ ಇಂಜಿನಿಯರ ಸಾಹೇಬ್ರು ಊಟಕ್ಕ ಬರ್ತಾರ. ಆ ಬದಾಮಿದು ನೀನ ಮಾಡಿಕೊಡಬೇಕು. ಅದರಾಗೇನೈತಿ ಅಂತ ನಮ್ಮ ಅತ್ತಿ ಮುಂದ ಮಾತ್ರ ಹೇಳಬ್ಯಾಡ."

"ಮಾಡೂಣಂತ," ಎಂದಳು ಸಾವಂತ್ರವ್ವ. "ಮಾಬೂಬಿನ್ನ ಮುಂದಿನ ಬಾಗಿಲಿಂದ ಕರಕೊಂಡು, ನಿಮ್ಮ ಅಡಗಿಮನ್ಯಾಗ ಮಣಿ ಹಾಕಿ ಕುಂಡ್ರಸು. ತತ್ತಿ ಆಕಿ ಒಡೀಲಿ, ಬದಾಮಿ ನಾ ಕುಟ್ತೇನಿ. ನಿಮ್ಮತ್ತಿ ಎದುರಿಗೇ."

ಅನ್ನವ್ವ ಸರಕ್ಕನೆ ಎದ್ದಳು. "ಎಷ್ಟ ಸೊಕ್ಕ ನಿನಗ!" ಎಂದು ಬಾಗಿಲು ದಾಟಿದಳು. ಆ ವರ್ಷ ಅವಳ ಬಳಗದ ಒಂದು ಮದುವೆಗೂ ಸಾವಂತ್ರವ್ವನಿಗೆ ಕರೆ ಬರಲಿಲ್ಲ. ಅನ್ನವ್ವನ ಮಗಳ ಲಗ್ನಕ್ಕೆ ಹಾವೇರಿಯಿಂದ ಯಾರನ್ನೋ ಕರೆಸಿದರು. ಸಾವಂತ್ರವ್ವ ಆ ದಿನ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಹೊಟ್ಟೆತುಂಬ ಉಂಡು, ಕೌದಿ ಹಾಸಿಕೊಂಡು ಮಲಗಿದಳು.