ಮಸಿಯ ಗುರುತು

"ತಡಿಯಪ್ಪ, ಅದ್ರ ಮ್ಯಾಲೆ ಹಾಕ್ಬ್ಯಾಡ!" ಎಂದು ಸಾಕಮ್ಮ ಮಹೇಶ್‌ಕುಮಾರನ ಕೈಯನ್ನೇ ಹಿಡಿದುಬಿಟ್ಟಳು. ಅವನು ಅವಳ ಮಗಳು ಅನುಶ್ರೀಯ ಎಡ ಮಣಿಕಟ್ಟನ್ನು ಒರೆಸಿ, ಹೂವಿನ ಅಚ್ಚು ಅಂಟಿಸಿ, ಮಿಷನ್ ಹಿಡಿದು ಇನ್ನೇನು ಬಗ್ಗಬೇಕು. ಹುಣಸೂರು ಬಸ್‌ಸ್ಟ್ಯಾಂಡ್ ಹಿಂದಿನ ಆ ಹಚ್ಚೆ ಅಂಗಡಿಯಲ್ಲಿ ಮೂರು ಜನ ಕೂತರೆ ಗಾಳಿಗೂ ಜಾಗವಿಲ್ಲ.

"ಹೆದ್ರಬ್ಯಾಡಿ ಅಮ್ಮ, ಇರುವೆ ಕಚ್ದಂಗಾಯ್ತದೆ ಅಷ್ಟೆ," ಎಂದನವನು. ಸೂಜಿಗೆ ಹೆದರುವ ಹೆಂಗಸೇ ಅವಳು? ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಬಿಸಿಯಲ್ಲಿ ಬೆಂದ ಜೀವ ಅದು.

ಮುಂದಿನ ವಾರ ಅನುಶ್ರೀಯ ಮದುವೆ, ಗಂಡು ಕಂಪಲಾಪುರದವನು. ಮೈಮೇಲಿನ ಒಡವೆಯನ್ನು ಯಾರಾದರೂ ಬಿಚ್ಚಿಕೊಂಡಾರು, ತವರಿನ ಹಚ್ಚೆ ಮಾತ್ರ ಮಣ್ಣಿಗೆ ಹೋಗುವ ತನಕ ಜೊತೆಗೆ ಬರುತ್ತದೆ ಅನ್ನೋದು ಹನಗೋಡಿನ ಮುದುಕಿಯರ ಮಾತು. ಅಂಥ ಊರಿನಲ್ಲಿದ್ದೂ ಸಾಕಮ್ಮನ ಮೈಮೇಲೆ ಒಂದು ಚುಕ್ಕಿಯಿಲ್ಲ. ಕೇಳಿದವರಿಗೆಲ್ಲ "ಬುಡ್ರವ್ವ, ನಂಗ್ಯಾಕೆ" ಎಂದು ಜಾರಿಕೊಳ್ಳುತ್ತಿದ್ದಳು. "ನೀನು ಹಾಕುಸ್ಕಂಡ್ರೇ ನಾನೂ ಹಾಕುಸ್ಕಳದು" ಎಂದು ಮಗಳು ಹಟ ಹಿಡಿದು ಎಳೆದುಕೊಂಡು ಬಂದಿದ್ದಳು.

ಮಗಳ ಹಟಕ್ಕೆ ಬೇರೆಯೇ ಕಾರಣವಿತ್ತು. ಅವಳ ಎಡ ಮಣಿಕಟ್ಟಿನ ಮೇಲೆ ಹುಟ್ಟಿನಿಂದ ಒಂದು ಕರೀ ಮಚ್ಚೆ, ಹೆಬ್ಬೆಟ್ಟು ಒತ್ತಿದ ಹಾಗೆ. ಅವಳಿಗಿಂತ ಮುಂಚೆ ಸುಕನ್ಯ ಅಂತ ಒಂದು ಕೂಸಿತ್ತು. ಮೂರು ತುಂಬುವಷ್ಟರಲ್ಲಿ ಜ್ವರ ಬಂದು ತೀರಿಹೋಯಿತು. ಮಣ್ಣು ಮಾಡಲು ಎತ್ತುವ ಮುಂಚೆ ಸಾಕಮ್ಮ ದೀಪದ ಮಸಿಯನ್ನು ಹೆಬ್ಬೆಟ್ಟಿಗೆ ತಗೊಂಡು ಕೂಸಿನ ಮಣಿಕಟ್ಟಿಗೆ ಒತ್ತಿದಳು. ತಿರುಗಿ ಹುಟ್ಟಿ ಬಂದರೆ ಗುರುತು ಸಿಗಲಿ ಅಂತ ಅವರ ಮನೆತನದಲ್ಲಿ ಹಾಗೆ ಮಾಡೋದು. ಮಾರನೇ ವರ್ಷವೇ ಅನುಶ್ರೀ ಹುಟ್ಟಿದಳು. ಅಜ್ಜಿ ಮಚ್ಚೆ ನೋಡಿ, "ನಮ್ ಸುಕನ್ಯನೇ ಬಂದವ್ಳೆ ಕಣ್ರೋ!" ಎಂದು ಊರಿಗೆಲ್ಲ ಸಾರಿದಳು. ಅಲ್ಲಿಂದ ಅನುಶ್ರೀ ಸತ್ತವಳ ಗೆಜ್ಜೆ ಹಾಕಿಕೊಂಡೇ ನಡೆಯಲು ಕಲಿತಳು. ಸತ್ತವಳಿಗೆ ಇಷ್ಟ ಅಂತ ದಿನಾ ಬೆಲ್ಲದನ್ನ ತಿಂದಳು. ತನ್ನನ್ನು ತನಗೋಸ್ಕರ ಯಾರೂ ಮುದ್ದಿಸಲಿಲ್ಲವಲ್ಲ ಎಂಬ ಸಂಕಟ ಅವಳೊಳಗೆ ಕೊಳೆಯುತ್ತಾ ಬಂತು.

"ಇದ್ನ ಮುಚ್ಚುಸ್ಕಂಡೇ ಹೋಯ್ತೀನಿ ಕಣವ್ವ. ಆ ಮನೆಗಾದ್ರೂ ನಾನು ನಾನಾಗಿ ಹೋಗ್ಬೇಕು," ಎಂದಳು.

"ಮುಚ್ಚುಸ್ಬ್ಯಾಡ ಮಗ."

"ಯಾಕೆ, ಮುಚ್ಚುದ್ರೆ ಅವ್ಳು ನನ್ನ ಬುಟ್ಟು ಹೊಂಟೋಯ್ತಾಳೆ ಅಂತ ಹೆದ್ರಿಕೆನಾ? ಅಂಗಾರೆ ನಾನ್ಯಾರವ್ವ? ಇಷ್ಟ್ ವರ್ಷ ನೀನು ಅನ್ನ ಇಕ್ಕಿದ್ದು ಯಾರ್ಗೆ?" ಅನುಶ್ರೀಗೆ ಅಳು ಉಕ್ಕಿಬಂತು.

"ನಿಂಗೇ ಇಕ್ಕಿದ್ದು ಕಣೇ," ಎಂದಳು ಸಾಕಮ್ಮ. ಮಗಳ ಮಣಿಕಟ್ಟನ್ನು ತೊಡೆಯ ಮೇಲೆ ಎಳೆದುಕೊಂಡಳು. "ನಾನು ಮಸಿ ಒತ್ತಿದ್ದು ಬಲಗೈಗೆ."

ಮಹೇಶ್‌ಕುಮಾರ ಮಿಷನ್ ಆಫ್ ಮಾಡಿ ಮೊಬೈಲ್ ನೋಡುವವನಂತೆ ತಲೆ ತಗ್ಗಿಸಿದ.

"ನೀನು ಹುಟ್ಟುದ್ ಗಳಿಗೇಲೇ ಗೊತ್ತಾಯ್ತು, ಇವ್ಳು ಅವ್ಳಲ್ಲ ಅಂತ. ಇನ್ನೊಂದೂ ಹೆಣ್ಣಾ ಅಂತ ಮೂತಿ ತಿರುವ್ತಿದ್ದ ನಿಮ್ಮಜ್ಜಿ ಎಡಗೈ ಮಚ್ಚೆ ನೋಡಿ ನಿನ್ನ ಎತ್ಕಂಡು ಮುದ್ದಾಡ್ಬುಟ್ರು. ನಾನ್ಯಾಕೆ ಬಾಯ್ ಬುಡ್ಲಿ? ಅದು ನಿನ್ ಮಚ್ಚೆ. ನಿಂದೇಯ."

ಅನುಶ್ರೀ ಅತ್ತಳು, ಅಳುತ್ತಲೇ ನಕ್ಕಳು. ಎದೆಯ ಮೇಲಿನ ಚಪ್ಪಡಿ ಎತ್ತಿ ಆಚೆ ಇಟ್ಟಷ್ಟು ಹಗುರಾಯಿತು. ಮಚ್ಚೆ ಮುಟ್ಟದೆ ಪಕ್ಕದಲ್ಲೇ ಹೂವು ಹಾಕಿ ಎಂದು ಮಹೇಶ್‌ಕುಮಾರನಿಗೆ ಹೇಳಿದಳು. ಸೂಜಿ ಜುಮುಜುಮು ಎನ್ನುತ್ತಿರುವಾಗ ಅವಳಿಗೆ ಒಂದು ಮಾತು ತಟ್ಟನೆ ಹೊಳೆಯಿತು.

"ಅಂಗಾರೆ... ಅವ್ಳು?"

"ಇನ್ನೂ ಬಂದಿಲ್ಲ," ಎಂದಳು ಸಾಕಮ್ಮ, ಇಸ್ಕೂಲಿಂದ ಬರೋದು ತಡವಾದ ಮಗುವಿನ ಮಾತಾಡಿದ ಹಾಗೆ.

ತನ್ನ ಸರದಿ ಬಂದಾಗ ಸಾಕಮ್ಮ ಬಲಗೈ ಚಾಚಿದಳು. ಯಾವ ಡಿಸೈನ್ ಅಂತ ಅವನು ಕೇಳುವುದರೊಳಗೆ ಎಡಗೈ ಹೆಬ್ಬೆಟ್ಟನ್ನು ಇಂಕಿಗೆ ಅದ್ದಿ ಮಣಿಕಟ್ಟಿನ ಮೇಲೆ ಒತ್ತಿಕೊಂಡಳು. "ಇದುನ್ನ ತುಂಬಪ್ಪ."

"ಬರೀ ಕಪ್ಪಾ ಅಮ್ಮ?"

"ಬರೀ ಕಪ್ಪು."

"ಯಾಕವ್ವ ಇದು?" ಎಂದು ಕೇಳಿದಳು ಅನುಶ್ರೀ.

"ಕೂಸು ನನ್ ಗುರ್ತು ಮರ್ತಿರ್ತದೆ ಕಣ್ ಮಗ. ಅವತ್ ನಾನು ಅದುಕ್ಕೆ ಒತ್ತುದ್ನೇ ಹೊರ್ತು ನಂಗೆ ಒತ್ಕಳಿಲ್ಲ. ನೀನು ಮನೇಲಿರೋ ಗಂಟ ಅದುನ್ನ ಕರೀಬಾರ್ದು, ನಿನ್ ಮ್ಯಾಲೆ ಅದುಕ್ಕೆ ಹೊಟ್ಟೆಕಿಚ್ಚಾದಾತು ಅಂತ ಸುಮ್ನಿದ್ದೆ. ಈಗ ನೀನು ಹೊಂಟೆಯಲ್ಲ."

ಮಹೇಶ್‌ಕುಮಾರ ಮಿಷನ್ ಹಿಡಿದು ತುಂಬತೊಡಗಿದ. ಅಷ್ಟು ಹೊತ್ತೂ ಸಾಕಮ್ಮನ ಎಡಗೈ ತೊಡೆಯ ಪಕ್ಕದ ಖಾಲಿ ಬೆಂಚನ್ನು ಮೆಲ್ಲಗೆ ತಟ್ಟುತ್ತಲೇ ಇತ್ತು, ಮಲಗಿಸುವವಳ ಹಾಗೆ. ಅನುಶ್ರೀಗೆ ಅವ್ವನ ಮೇಲೆ ಪ್ರೀತಿಯೂ ಉಕ್ಕಿತು, ಭಯವೂ ಆಯಿತು.

ಹನಗೋಡಿನ ಬಸ್ಸಿನಲ್ಲಿ ಮೂರು ಜನದ ಸೀಟು ಸಿಕ್ಕಿತು. ಅನುಶ್ರೀ ಕಿಟಕಿಗೆ ಕೂತಳು. ಸಾಕಮ್ಮ ನಡುವೆ ಜಾಗ ಬಿಟ್ಟು ಈಚೆ ಅಂಚಿಗೆ ಕೂತಳು. ಬಸ್ಸು ತುಂಬುತ್ತಾ ಬಂತು.

"ಒಸಿ ಒಳುಕ್ಕೆ ಜರುಗವ್ವ," ಎಂದಳು ಬುಟ್ಟಿ ಹೊತ್ತ ಹೆಂಗಸೊಬ್ಬಳು.

"ಇಲ್ಲಿ ಆಳ್ ಅವ್ರೆ ಕಣವ್ವ," ಎಂದಳು ಸಾಕಮ್ಮ.

ಆ ಹೆಂಗಸು ಖಾಲಿ ಜಾಗವನ್ನೂ ಅನುಶ್ರೀಯನ್ನೂ ನೋಡಿದಳು. ಮದುವೆ ಸೀರೆಯ ಚೀಲವನ್ನು ನಡುವೆ ಇಡಲು ಹೋಗಿದ್ದ ಅನುಶ್ರೀ, ಅದನ್ನು ಮತ್ತೆ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆಗೆ ಇನ್ನಷ್ಟು ಒತ್ತರಿಸಿ ಕೂತಳು.