ಸೋತವರು ಜಪಸರ ನಡೆಸಬೇಕು

ಕಳೆದ ವರ್ಷ ತಪಸ್ಸುಕಾಲಕ್ಕೆಂದು ನನ್ನ ತಂಗಿ ಮರ್ಲಿನ್ ಬಿಟ್ಟದ್ದು ಕಾಫಿಯನ್ನಲ್ಲ, ಮಾಂಸವನ್ನೂ ಅಲ್ಲ, ತನ್ನ ಪತ್ತೇದಾರಿ ಆಟವನ್ನು. ಈಸ್ಟರ್ ಹಬ್ಬಕ್ಕೆ ಮುಂಚಿನ ಆ ದಿನಗಳಲ್ಲಿ ತಮಗೆ ಪ್ರಿಯವಾದ ಒಂದನ್ನು ಬಿಡುವುದು ನಮ್ಮ ಕ್ರೈಸ್ತರಲ್ಲಿ ವಾಡಿಕೆ.

"ಕಾಫಿ ಬಿಟ್ರೆ ಸಾಕು ಕಣೇ," ಎಂದೆ.

"ಕಾಫಿ ಬಿಟ್ರೆ ಶಿಕ್ಷೆ ನಿಂಗೆ ಅಕ್ಕ, ನಂಗಲ್ಲ. ನನ್ನ ಸಿಡುಕು ತಡ್ಕೊಳೋರು ಯಾರು? ಇದನ್ನೇ ಬಿಡ್ತೀನಿ. ಕೊಲೆಗಾರ ಈಸ್ಟರ್‌ವರೆಗೂ ಎಲ್ಲಿಗೂ ಓಡೋಗಲ್ಲ."

ಕೊಲೆಗಾರ ಓಡಿಹೋಗಲಿಲ್ಲ. ಈಸ್ಟರ್‌ಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರಕ್ಕೆ ಮೊದಲೇ ಮರ್ಲಿನ್ ಹೋದಳು. ಚರ್ಚಿನ ಬೆಳಗಿನ ಪೂಜೆಗೆ ಹೊರಡಲು ಸೀರೆ ಉಡುತ್ತಿದ್ದವಳು ಮಂಚದ ಮೇಲೆ ಕುಳಿತಳು, ಮತ್ತೆ ಏಳಲಿಲ್ಲ.

ನಾವಿಬ್ಬರೂ ಮದುವೆಯಾದವರಲ್ಲ. ನಜರ್‌ಬಾದಿನಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಮರ್ಲಿನ್ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದಳು. ನಿವೃತ್ತಿಯಾದ ಮೇಲೆ ಅಂಗೈಯಲ್ಲಿ ಹಿಡಿಯುವ ಆಟದ ಯಂತ್ರವೊಂದನ್ನು ಕೊಂಡು ತಂದಳು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಜಪಾನಿನಲ್ಲಿ ಹೆಸರಾಗಿದ್ದ ಪತ್ತೇದಾರಿ ಆಟಗಳನ್ನು ಈಗ ಹೊಸ ಚಿತ್ರ, ಹೊಸ ದನಿ ಕೊಟ್ಟು ಮತ್ತೆ ತಂದಿದ್ದಾರಂತೆ. ಅವುಗಳಲ್ಲಿ ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ಪರದೆಯ ಮೇಲೆ ಒಬ್ಬ ಮನುಷ್ಯ ನಿಂತಿರುತ್ತಾನೆ. ಪಕ್ಕದಲ್ಲಿ ನೋಡು, ಕೇಳು, ಯೋಚಿಸು, ಹೊರಡು ಎಂಬ ಅಪ್ಪಣೆಗಳಿರುತ್ತವೆ. ಒಂದನ್ನು ಆರಿಸಿ ಒತ್ತಬೇಕು. ಅವರು ಮಾತನಾಡುವುದು ಜಪಾನಿಯಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಸಂಜೆಯ ಜಪಸರ ಮುಗಿದ ಮೇಲೆ ಮರ್ಲಿನ್ ಆಡುತ್ತ, ಅದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದಳು. ನಾನು ಅವರೆಕಾಳು ಹಿದುಕುತ್ತ ಕೇಳುತ್ತಿದ್ದೆ. ಜಪಾನಿ ಹೆಸರುಗಳು ನನ್ನ ನಾಲಿಗೆಗೆ ಒಗ್ಗದ ಕಾರಣ ಅವಳೇ ಬೇರೆ ಹೆಸರು ಇಟ್ಟಿದ್ದಳು.

ಕೊನೆಯ ಆಟದಲ್ಲಿ ಸಮುದ್ರದ ದಡದ ಒಂದು ವಸತಿಗೃಹದ ಯಜಮಾನ ನೀರಿಗೆ ಬಿದ್ದು ಸತ್ತಿದ್ದ. ಅವನ ಹೆಂಡತಿ ಸರ್ವಮಂಗಳಮ್ಮ. ತಮ್ಮ ಸಣ್ಣಯ್ಯ. ಸ್ನೇಹಿತ ಡಾಕ್ಟರ್ ಲೋಕೇಶ್. ಯಜಮಾನನನ್ನು ನೂಕಿದವರು ಯಾರು? ಸಣ್ಣಯ್ಯ ಎಂದು ನಾನು, ಡಾಕ್ಟರು ಎಂದು ಅವಳು.

"ಡಾಕ್ಟ್ರು ಸತ್ತೋನ ಫೋಟೋ ಮುಂದೆ ಕೈ ಮುಗಿದು ಅಳ್ತಾನಲ್ಲೇ. ದೈವಭಕ್ತ."

"ಅತ್ತೋರೆಲ್ಲ ಒಳ್ಳೇವ್ರಾ ಅಕ್ಕ? ನಮ್ಮ ಬೀದಿ ಸಾವುಗಳಿಗೆ ಬಂದು ಅಳೋರನ್ನ ನೀನು ನೋಡಿಲ್ವಾ? ಪಂದ್ಯ ಕಟ್ತೀಯಾ?"

"ಏನು ಪಂದ್ಯ?"

"ಸೋತೋರು ಮುಂದಿನ ವರ್ಷ ತಪಸ್ಸುಕಾಲ ಪೂರ್ತಿ ಜಪಸರ ನಡೆಸ್ಬೇಕು."

ಜಪಸರದಲ್ಲಿ ಪ್ರತಿ ಪ್ರಾರ್ಥನೆಯ ಮೊದಲರ್ಧವನ್ನು ಒಬ್ಬರು ಹೇಳಿ ನಡೆಸಬೇಕು, ಉಳಿದರ್ಧವನ್ನು ಮತ್ತೊಬ್ಬರು ಹೇಳಿ ಮುಗಿಸಬೇಕು. ನಮ್ಮ ಮನೆಯಲ್ಲಿ ನಡೆಸುವವಳು ಯಾವಾಗಲೂ ಮರ್ಲಿನ್. ಹತ್ತು ಸಣ್ಣ ಮಣಿಗೊಂದು ದೊಡ್ಡ ಮಣಿ, ನನಗೆ ಆ ಲೆಕ್ಕ ತಪ್ಪುತ್ತದೆ. ಅವಳು ತಿದ್ದುತ್ತಿದ್ದಳು, ಬೈಯುತ್ತಲೂ ಇದ್ದಳು.

ಅವಳು ಹೋದ ಮೇಲೆ ಜಪಸರ ಮೊಳೆಯಲ್ಲಿಯೇ ತೂಗುತ್ತಿತ್ತು. ಚರ್ಚಿಗೆ ಹೋದಾಗ ಎಲ್ಲರೊಡನೆ ಪ್ರಾರ್ಥಿಸುತ್ತಿದ್ದೆ. ಮನೆಯಲ್ಲಿ ಮಾತ್ರ ಆಗುತ್ತಿರಲಿಲ್ಲ. ಎರಡು ಅರ್ಧಗಳೂ ನನಗೆ ಬಾಯಿಪಾಠ. ಆದರೆ ಅವಳ ಅರ್ಧವನ್ನು ನಾನು ಹೇಳಹೊರಟರೆ ಅವಳು ಕುಳಿತಿರುವ ಕುರ್ಚಿಯನ್ನೇ ಎಳೆದುಕೊಂಡಂತೆ ಅನಿಸುತ್ತಿತ್ತು.

ಕ್ರಿಸ್ಮಸ್ ಕಳೆಯಿತು. ಆ ಮುಂದಿನ ತಪಸ್ಸುಕಾಲ ಹತ್ತಿರ ಬರುತ್ತಿತ್ತು. ಪಂದ್ಯ ಹಾಗೆಯೇ ಉಳಿದಿತ್ತು. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದೊಳಗೆ ಆಟ ಮುಗಿಸಿ, ಗೆದ್ದವರು ಯಾರೆಂದು ತಿಳಿಯಬೇಕು ಎಂದುಕೊಂಡು ಯಂತ್ರವನ್ನು ಹೊರತೆಗೆದೆ. ಅವಳು ನಿಲ್ಲಿಸಿದ ಜಾಗದಲ್ಲಿಯೇ ಆಟ ತೆರೆದುಕೊಂಡಿತು. ಸರ್ವಮಂಗಳಮ್ಮ ಗಂಡನ ಫೋಟೋ ಮುಂದೆ ಊದಿನಕಡ್ಡಿ ಹಚ್ಚಿ ಕುಳಿತಿದ್ದಳು.

'ಕೇಳು' ಎಂಬುದನ್ನು ಒತ್ತಿದೆ. ನನ್ನ ಇಂಗ್ಲಿಷ್ ನಿಧಾನದ್ದು, ಬೆರಳಿಟ್ಟು ಓದಿಕೊಂಡೆ. "ಅವರು ಒಳ್ಳೆಯವರಾಗಿದ್ದರು. ಇನ್ನೇನು ಹೇಳಲಿ," ಎಂದು ಅವಳು ತಲೆ ತಗ್ಗಿಸಿದಳು. 'ಹೊರಡು' ಒತ್ತಿ ಹೊರಗೆ ಬಂದೆ. ದಡಕ್ಕೆ ಹೋದೆ, ಸಣ್ಣಯ್ಯನನ್ನು ಕಂಡೆ, ಡಾಕ್ಟರನ್ನು ಕಂಡೆ. ಕಥೆ ಕದಲಲಿಲ್ಲ. ಮರುದಿನವೂ ಅಷ್ಟೆ, ಅದರ ಮರುವಾರವೂ ಅಷ್ಟೆ.

ಸಾವಿನ ಮನೆಯಲ್ಲಿ ಸತ್ತವರ ಮಾತನ್ನು ಒಮ್ಮೆ ಎತ್ತಬಹುದು, ಮನೆಯವರು ತಲೆ ತಗ್ಗಿಸಿದರೆ ಮತ್ತೆ ಎತ್ತಬಾರದು ಎಂದು ನಮ್ಮಮ್ಮ ಕಲಿಸಿದ್ದಳು. ನಮ್ಮ ಚರ್ಚಿನವರೆಲ್ಲ ಹಾಗೆ ಬೆಳೆದವರೇ. ಪೂಜೆ ಮುಗಿದ ಮೇಲೆ ಹೇಗಿದ್ದೀರಿ ಎಂದು ಕೇಳುತ್ತಾರೆ. ದೇವರು ನಡೆಸುತ್ತಿದ್ದಾನೆ ಎನ್ನುತ್ತೇನೆ. ಅವರು ನನ್ನ ಕೈಯನ್ನು ಮೆಲ್ಲಗೆ ಒತ್ತಿ ಹೋಗುತ್ತಾರೆ.

ವಿಭೂತಿ ಬುಧವಾರಕ್ಕೆ ಒಂದೆರಡು ದಿನವಿದ್ದಾಗ ಸಂಘಮಿತ್ರ ಮೇಲೆ ಬಂದಳು. ಕೆಳಮನೆಯವಳು, ಬೌದ್ಧರವಳು, ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ತಪಾಸಣೆ ಮಾಡುವ ಕೆಲಸ.

"ಏನಕ್ಕ, ನೀವೂ ಶುರು ಮಾಡ್ಬುಟ್ರಾ?"

"ಮುಂದಕ್ಕೇ ಹೋಗ್ತಿಲ್ಲ ಕಣಮ್ಮ. ಈ ಹೆಂಗಸು ಏನೂ ಹೇಳಲ್ಲ."

"ಎಷ್ಟು ಸಲ ಕೇಳಿದ್ರಿ?"

"ಬಂದಾಗೆಲ್ಲ ಒಂದ್ಸಲ ಕೇಳಿ ಹೊರಟ್ಬಿಡ್ತೀನಿ."

"ಒಂದೇ ಸಲವಾ? ಅಯ್ಯೋ ಅಕ್ಕ! ಬ್ಯಾಗಲ್ಲಿ ಏನೈತೆ ಅಂತ ಒಂದ್ಸಲ ಕೇಳಿದ್ರೆ ಎಲ್ರೂ ಬಟ್ಟೆ ಅಂತಾರೆ. ಇನ್ನೊಂದ್ಸಲ ಕೇಳಿದ್ರೆ ಕತ್ತರಿ ನೆನಪಾಯ್ತದೆ. ಮತ್ತೊಂದ್ಸಲಕ್ಕೆ ಉಪ್ಪಿನಕಾಯಿ ಡಬ್ಬಿ."

"ಗಂಡನ್ನ ಕಳ್ಕೊಂಡೋಳು ಕಣೇ. ನೊಂದ್ಕೊಳಲ್ವಾ?"

"ಬೊಂಬೆ ಕಣಕ್ಕ ಅದು!" ಎಂದು ನಕ್ಕಳು. ಆಮೇಲೆ ಪರದೆಯನ್ನು ಸ್ವಲ್ಪ ಹೊತ್ತು ನೋಡಿದಳು. "ಆದ್ರೂ ನೋಡಿ, ಎದ್ದೋಗಿಲ್ಲ. ಹೇಳೋಕೆ ಇಷ್ಟ ಇಲ್ದೋಳು ಇಲ್ಲೇ ಯಾಕೆ ಕೂತಿರ್ತಾಳೆ? ಕೇಳಿ."

ಒತ್ತಿದೆ. ಅದೇ ಮಾತು. ಮತ್ತೆ ಒತ್ತಿದೆ. ಅದೇ ಮಾತು. ಮತ್ತೊಮ್ಮೆ ಒತ್ತಿದಾಗ ಸರ್ವಮಂಗಳಮ್ಮ ತಲೆ ಎತ್ತಿದಳು. ನಾನು ತಡವರಿಸುತ್ತ ಕನ್ನಡದಲ್ಲಿ ಓದಿ ಹೇಳಿದೆ. "ಆ ರಾತ್ರಿ ಡಾಕ್ಟರ ಜೊತೆ ಉಣ್ಣುತ್ತೇನೆ ಎಂದರು. ಎರಡು ಬಟ್ಟಲು ಮುಚ್ಚಿಟ್ಟು ಮಲಗಿದೆ. ಡಾಕ್ಟರು ತಾವು ಬರಲೇ ಇಲ್ಲ ಎನ್ನುತ್ತಾರೆ. ಬೆಳಿಗ್ಗೆ ಎರಡೂ ಬಟ್ಟಲು ತೊಳೆದು ಬೋರಲು ಹಾಕಿತ್ತು. ನನ್ನ ಗಂಡ ಎಂದೂ ಬಟ್ಟಲು ತೊಳೆದವರಲ್ಲ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ."

ಸಂಘಮಿತ್ರ ನನ್ನ ಕಡೆ ತಿರುಗಿದಳು. ಆಮೇಲೆ, "ಮರ್ಲಿನಕ್ಕ ಅವತ್ತು ಬೆಳಿಗ್ಗೆ ಏನಂದ್ರು?" ಎಂದಳು.

"ಎಲ್ಲಾ ದೇವರ ಚಿತ್ತ ಕಣಮ್ಮ."

ಅವಳು ಏಳಲಿಲ್ಲ. "ಏನಂದ್ರು ಅಕ್ಕ?"

"ಸೆರಗಿನ ಪಿನ್ನು ಎಲ್ಲಿ ಅಂದ್ಳು. ನಿನ್ನ ಬಾಯಲ್ಲೇ ಕಚ್ಕೊಂಡಿದೀಯಲ್ಲೇ ಅಂದೆ. ಅದನ್ನ ತೆಗೆದು ನಗ್ತಾ ಕೂತ್ಕೊಂಡ್ಳು."

ಸಂಘಮಿತ್ರಳಿಗೆ ನಗು ಬಂದುಬಿಟ್ಟಿತು, ಗಾಬರಿಯಾಗಿ ಬಾಯಿಗೆ ಕೈ ಹಿಡಿದಳು. ನಾನೂ ನಕ್ಕೆ. ಆ ಪಿನ್ನನ್ನು ಕೊನೆಗೆ ಮರ್ಲಿನ್‌ಳ ಕೈಯಿಂದ ಬಿಡಿಸಿಕೊಂಡದ್ದು ಹೇಗೆಂದು ಹೇಳಿದೆ. ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಮಂಗಳವಾರ ಸಂಜೆ ಒಬ್ಬಳೇ ಕುಳಿತು ಆಟ ಮುಗಿಸಿದೆ. ಬಟ್ಟಲಿನ ಮಾತು ಎತ್ತಿದೊಡನೆ ಡಾಕ್ಟರು ಒಪ್ಪಿಕೊಂಡ. ಆಗಲೂ ಫೋಟೋ ಮುಂದೆ ಕೈ ಮುಗಿದೇ ಅತ್ತ. ಆ ಅಳು ಸುಳ್ಳಿರಲಾರದು ಎಂದು ನನಗೆ ಈಗಲೂ ಅನಿಸುತ್ತದೆ. ಆಮೇಲೆ ಸಂಗೀತ ಬಂತು, ಪರದೆಯ ಮೇಲೆ ಹೆಸರುಗಳು ಸಾಲುಸಾಲಾಗಿ ಮೇಲೆ ಹೋದವು. ಈ ಹೊತ್ತಿಗೆ ಮರ್ಲಿನ್ ಕುಣಿದು, "ಏನಕ್ಕ, ಎಲ್ಲಿ ನಿನ್ನ ದೈವಭಕ್ತ?" ಎಂದು ನನ್ನ ಪ್ರಾಣ ತಿನ್ನಬೇಕಿತ್ತು. ಹೆಸರುಗಳು ಮುಗಿಯುವವರೆಗೂ ಕಾದೆ. ಯಂತ್ರವನ್ನು ಆರಿಸಿ ಬಟ್ಟೆಯಲ್ಲಿ ಸುತ್ತಿಟ್ಟೆ.

ಬುಧವಾರ ಬೆಳಿಗ್ಗೆ ಚರ್ಚಿನಲ್ಲಿ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಬಂದೆ. ಸಂಜೆ ದೀಪ ಹಾಕಿ, ಮೊಳೆಯಿಂದ ಜಪಸರ ತೆಗೆದು, ನನ್ನ ಕುರ್ಚಿಯಲ್ಲಿಯೇ ಕುಳಿತೆ. ಪಂದ್ಯ ಸೋತವಳು ನಾನು. ಮೊದಲರ್ಧವನ್ನು ಗಟ್ಟಿಯಾಗಿ ಹೇಳಿ ನಿಲ್ಲಿಸಿದೆ. ಉಳಿದರ್ಧಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗೊತ್ತು, ಇಷ್ಟು ವರ್ಷ ಅದನ್ನು ಹೇಳಿದವಳು ನಾನೇ. ಅಷ್ಟು ಹೊತ್ತು ಕಾದೆ. ಕೆಳಗೆ ಸಂಘಮಿತ್ರಳ ಕುಕ್ಕರ್ ಕೂಗಿತು. ಮಣಿ ಸರಿಸಿ ಮುಂದಿನದನ್ನು ಹೇಳಿದೆ, ಮತ್ತೆ ಕಾದೆ.

ನಡುವೆ ಲೆಕ್ಕ ತಪ್ಪಿತು. ಯಾರೂ ಬೈಯಲಿಲ್ಲ. ಬೆರಳಿನಿಂದ ತಡಕಿ ದೊಡ್ಡ ಮಣಿಯವರೆಗೆ ಹಿಂದಕ್ಕೆ ಹೋಗಿ, ಅಲ್ಲಿಂದ ಮತ್ತೆ ಶುರುಮಾಡಿದೆ.